ಟಕಟಕ ಅತ್ತೆಯ ಒಂದು ನಿಮಿಷದ ಪಾಠ

ನನ್ನ ಸೋದರತ್ತೆಗೆ ಊರೆಲ್ಲ ಸೇರಿ ಇಟ್ಟ ಹೆಸರು ಟಕಟಕ. ಮೂವತ್ತೊಂದು ವರ್ಷ ಭೂದಾಖಲೆ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು. ನಿವೃತ್ತಿಯಾದ ದಿನ ಯಂತ್ರವನ್ನು ಅಲ್ಲೇ ಬಿಟ್ಟು ಬಂದಳು, ಚಾಳಿಯನ್ನು ಬಿಟ್ಟು ಬರಲಾಗಲಿಲ್ಲ. ನೀವು ಎದುರು ಕೂತು ಏನಾದರೂ ಹೇಳುತ್ತಿದ್ದರೆ ಅವಳ ಬೆರಳುಗಳು ಮೇಜಿನ ಮೇಲೋ ಮೊಣಕಾಲಿನ ಮೇಲೋ ಆಡುತ್ತಲೇ ಇರುತ್ತವೆ. ನಿಮ್ಮ ಮಾತನ್ನು ಟೈಪ್ ಮಾಡಿಕೊಳ್ಳುತ್ತಿರುತ್ತಾಳೆ. ಮಾತಿನಲ್ಲಿ ಹುರುಳಿಲ್ಲದಿದ್ದರೆ ಬೆರಳು ನಿಲ್ಲುತ್ತದೆ. ನನ್ನ ಗಂಡ ಮೊದಲ ಸಲ ಮನೆಗೆ ಬಂದು ಅರ್ಧ ಗಂಟೆ ಮಾತಾಡಿದಾಗ ಅವು ಆಡಿದ್ದು ಎರಡೇ ಸಲ. ಅವನಿಗೆ ಇದನ್ನು ಇವತ್ತಿಗೂ ಹೇಳಿಲ್ಲ.

ನಾನು ಹೊಲಿಗೆಯವಳು. ಬಸ್ ನಿಲ್ದಾಣದ ಹಿಂದೆ ಅಂಗಡಿ, ಒಂದು ಮಿಷನ್ನು, ಒಂದು ಕನ್ನಡಿ. ಶಾಲೆಯ ಸಮವಸ್ತ್ರ, ಕಿಟಕಿ ಪರದೆ, ಹರಿದ ಚೀಲದ ಜಿಪ್ಪು, ಯಾವುದಕ್ಕೂ ಇಲ್ಲ ಅನ್ನುವವಳಲ್ಲ. ಊರ ಕೆಳಗಿನ ಬಯಲಿನಲ್ಲಿ ಅಮ್ಮ ಕೊಟ್ಟ ಅರ್ಧ ಎಕರೆ ಇದೆ. ಅಲ್ಲಿ ಸೊಪ್ಪು ಬೆಳೆಯುತ್ತೇನೆ. ಈ ಭೂಮಿಯ ಮೇಲೆ ನನ್ನ ಹೆಸರು ಬರೆದಿರುವ ವಸ್ತು ಅದೊಂದೇ.

ಆ ಕೆಳಬಯಲಿಗೆ ಕುತ್ತು ಬಂದದ್ದು ಒಂದು ಹಾಳೆಯ ರೂಪದಲ್ಲಿ. ಕಚೇರಿಯ ಹೊರಗೋಡೆಯ ಮೇಲೆ, ಕಳೆದುಹೋದ ದನದ ಪ್ರಕಟಣೆಯ ಪಕ್ಕದಲ್ಲಿ ಅಂಟಿಸಿದ್ದರು. ಕೆಳಬಯಲಿನ ನೂರ ಹದಿನಾಲ್ಕು ಜಮೀನುಗಳನ್ನು ಕೃಷಿ ಪಟ್ಟಿಯಿಂದ ತೆಗೆದು ಗೋದಾಮುಗಳಿಗೂ ಲಾರಿ ನಿಲ್ಲಿಸುವ ಜಾಗಕ್ಕೂ ಕೊಡುವ ಪ್ರಸ್ತಾಪ. ಆಕ್ಷೇಪಣೆ ಇದ್ದವರು ನಲವತ್ತು ದಿನದ ನಂತರ ನಡೆಯುವ ವಿಚಾರಣೆಗೆ ಬಂದು ಹೇಳಬಹುದು. ಅದನ್ನು ಮೊದಲು ಓದಿದವಳು ಅತ್ತೆ. ನಿವೃತ್ತಿಯಾಗಿ ಮೂರು ವರ್ಷವಾದರೂ ವಾರಕ್ಕೊಮ್ಮೆ ಬಸ್ ಹತ್ತಿ ಹೋಗಿ ಆ ಗೋಡೆ ಓದಿ ಬರುವುದನ್ನು ಬಿಟ್ಟಿರಲಿಲ್ಲ. ನೇರ ನನ್ನ ಅಂಗಡಿಗೆ ಬಂದು, ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ಎದ್ದೇಳು. ಏಳು ಬೀದಿಗೆ ಏಳು ಜನ ಬೇಕು, ವಿಚಾರಣೇಲಿ ಮಾತಾಡೋದು ಕಲಿಸ್ತೀನಿ. ನಿನ್ನ ಬೀದಿಗೆ ನೀನು."

"ನಾನಾ? ನನಗೆ ನಾಲ್ಕು ಜನರ ಮುಂದೆ ಬಾಯೇ ಬರಲ್ಲ ಅತ್ತೆ."

"ಅಳತೆ ತಪ್ಪಿದೆ ಅಂತ ಜಗಳಕ್ಕೆ ಬರೋರ ಹತ್ರ ಚೆನ್ನಾಗೇ ಬರುತ್ತಲ್ಲ. ಅದೇ ಬಾಯಿ ಸಾಕು."

ತರಗತಿ ಹಾಲಿನ ಸಂಘದ ಕೋಣೆಯಲ್ಲಿ, ಮಧ್ಯಾಹ್ನ ಎರಡರಿಂದ ನಾಲ್ಕು. ಬೆಳಗಿನ ಹಾಲು ಹೋಗಿ, ಸಂಜೆಯ ಹಾಲು ಬರುವ ಮುಂಚಿನ ಖಾಲಿ ಹೊತ್ತು. ತೊಳೆದು ಬೋರಲು ಹಾಕಿದ ಕ್ಯಾನುಗಳು, ಒದ್ದೆ ಸಿಮೆಂಟು ನೆಲ, ಗೋಡೆಗೆ ಒಂದು ದೊಡ್ಡ ಗಡಿಯಾರ. ಏಳು ಜನರಲ್ಲಿ ಹಾಲು ಅಳೆಯುವವಳು ಇದ್ದಳು, ಕೀ ಅವಳ ಹತ್ತಿರವೇ ಇದ್ದುದರಿಂದ ಅವಳನ್ನು ಬಿಡುವಂತೆಯೇ ಇರಲಿಲ್ಲ. ಪಂಪು ರಿಪೇರಿಯವನಿದ್ದ, ಕೆಳಬಯಲಿನ ಪ್ರತಿ ಬಾವಿಯ ಆಳವನ್ನೂ ಬಾಯಲ್ಲೇ ಹೇಳುತ್ತಿದ್ದ. ಕ್ಷೌರದಂಗಡಿಯವನಿದ್ದ, ಅವನ ಕುರ್ಚಿಯಲ್ಲಿ ಕೂತು ಗುಟ್ಟು ಬಿಡದ ಗಂಡಸು ಊರಲ್ಲಿ ಇನ್ನೂ ಹುಟ್ಟಿಲ್ಲ. ಉಳಿದ ಮೂವರು ಬಯಲಿನಲ್ಲೇ ಬೆಳಗಿಂದ ಸಂಜೆವರೆಗೆ ದುಡಿಯುವವರು. ನಾವು ಯಾರೂ ಮುಖಂಡರಾಗಿರಲಿಲ್ಲ. ಮುಖಂಡರು ಅಂದರೆ ಊರಿಗೆ ಒಬ್ಬರೇ, ಯಜಮಾನರು. ಬಯಲಿನಲ್ಲಿ ಇಪ್ಪತ್ತಾರು ಎಕರೆ, ಒಳ್ಳೆ ಮನುಷ್ಯ. ಅವರು ಬಂದರೆ ಕೂತವರು ಏಳುತ್ತಾರೆ, ಅವರು ಮಾತಾಡಿದ ಮೇಲೆ ಬೇರೆಯವರು ಬಾಯಿ ತೆರೆಯುವುದಿಲ್ಲ. ನಮ್ಮ ಅಪ್ಪಂದಿರೂ ಅವರ ಅಪ್ಪನ ಮುಂದೆ ಹಾಗೇ ಇದ್ದರು.

ಅತ್ತೆಯ ಪಾಠ ಮೂರೇ ಮಾತಿನದು. ನನ್ನ ಜಮೀನು ಎಷ್ಟು, ಅಲ್ಲಿ ನಾನು ಏನು ಬೆಳೆಯುತ್ತೇನೆ, ಅದು ಹೋದರೆ ಏನು ನಿಲ್ಲುತ್ತದೆ. ಒಂದು ನಿಮಿಷದಲ್ಲಿ ಮುಗಿಯಬೇಕು. ಅವಳು ಕ್ಯಾನಿನ ಮೇಲೆ ಅಧಿಕಾರಿಯಾಗಿ ಕೂರುತ್ತಿದ್ದಳು, ನಾವು ಒಬ್ಬೊಬ್ಬರೇ ಎದ್ದು ಹೇಳಬೇಕು. ಮೊದಲ ದಿನ ಪಂಪು ರಿಪೇರಿಯವನು "ಭೂಮಿತಾಯಿ" ಅಂತ ಶುರು ಮಾಡಿದ. ಅತ್ತೆಯ ಬೆರಳುಗಳು ಸತ್ತಂತೆ ಬಿದ್ದಿದ್ದವು.

"ತಾಯಿ ಎಲ್ರಿಗೂ ಇರ್ತಾಳೆ, ಅಧಿಕಾರಿಗೂ ಇದ್ದಾಳೆ. ನಿನ್ನ ಬಾವಿ ಎಷ್ಟು ಅಡಿ?"

"ಮೂವತ್ತೆಂಟು."

"ಬೇಸಿಗೇಲಿ ನೀರು?"

"ಹನ್ನೊಂದು ಅಡೀಲಿ ಇರುತ್ತೆ. ಒಂದು ವರ್ಷಾನೂ ಕೈ ಕೊಟ್ಟಿಲ್ಲ. ಮೇಲೆ ಸಿಮೆಂಟು ಹಾಕಿದ್ರೆ ನೀರು ಇಳಿಯೋದೆಲ್ಲಿ?"

ಆಗ ನೋಡಬೇಕಿತ್ತು ಆ ಬೆರಳುಗಳನ್ನು. ಟಕಟಕಟಕ.

ಎರಡನೆಯ ವಾರ ನಮ್ಮನ್ನು ಬೀದಿಗೆ ಬಿಟ್ಟಳು. ಒಬ್ಬೊಬ್ಬರಿಗೆ ಹದಿನಾರೋ ಹದಿನೇಳೋ ಮನೆ. "ಕೇಳ್ಕೊಂಡು ಬನ್ನಿ, ಹೇಳಿ ಬರಬೇಡಿ" ಎಂದಿದ್ದಳು. ಪ್ರತಿಯೊಬ್ಬರ ಆಕ್ಷೇಪಣೆಯೂ ಬೇರೆ ಹಾಳೆಯಲ್ಲಿ, ಅವರದೇ ಮಾತಿನಲ್ಲಿ ಇರಬೇಕು. ಬರೆಯಲು ಬಾರದವರು ಹೇಳಿದ್ದನ್ನು ನಾವು ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಬೇಕು. ನಾನು ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದೆ. ಒಬ್ಬ ಮುದುಕಿ ತನ್ನ ಮೂರು ಗುಂಟೆಯ ಬಗ್ಗೆ ಒಂದೂವರೆ ಗಂಟೆ ಹೇಳಿದಳು, ಅದರಲ್ಲಿ ಒಂದು ಗಂಟೆ ಸೊಸೆಯ ಬಗ್ಗೆ.

ಕ್ಷೌರದಂಗಡಿಯವನು ಮಾತ್ರ ಎರಡೇ ದಿನದಲ್ಲಿ ಬೀಗುತ್ತಾ ಬಂದ. ಹದಿನಾರು ಹಾಳೆ ಮುಗಿಸಿದ್ದ. ಒಂದನ್ನು ಚೆನ್ನಾಗಿ ಬರೆದು ಹದಿನೈದು ಜೆರಾಕ್ಸ್ ತೆಗೆಸಿ, ಹೆಸರಿನ ಜಾಗ ಖಾಲಿ ಬಿಟ್ಟು ತುಂಬಿಸಿದ್ದ.

"ನಿನ್ನ ಅಂಗಡೀಲಿ ಎಲ್ರಿಗೂ ಒಂದೇ ಕಟಿಂಗಾ?" ಅತ್ತೆ ಕೇಳಿದಳು.

"ಛೇ, ಎಲ್ಲಾದ್ರೂ ಉಂಟಾ. ತಲೆ ನೋಡಿ ಕತ್ತರಿ."

"ಹಾಗಿದ್ರೆ ಇದನ್ನೂ ತಲೆ ನೋಡಿ ಬರ್ಕೊಂಡು ಬಾ. ಹದಿನಾರು ಜೆರಾಕ್ಸ್ ಕಚೇರಿ ಲೆಕ್ಕದಲ್ಲಿ ಒಂದು."

ಅವನು ಮುಖ ಚಿಕ್ಕದು ಮಾಡಿಕೊಂಡು ಮತ್ತೆ ಹದಿನಾರು ಮನೆ ಹತ್ತಿ ಇಳಿದ. ಕಚೇರಿ ಲೆಕ್ಕ ಅವಳಿಗೆ ಅಷ್ಟು ಖಚಿತವಾಗಿ ಗೊತ್ತಿದ್ದದ್ದು ಹೇಗೆ ಅಂತ ನಾವು ಆಗ ಕೇಳಲಿಲ್ಲ.

ಇಪ್ಪತ್ತೆಂಟನೆಯ ದಿನ ಯಜಮಾನರು ಹಾಲಿನ ಸಂಘಕ್ಕೆ ಬಂದರು. ಅತ್ತೆ ಇನ್ನೂ ಬಂದಿರಲಿಲ್ಲ. ಏಳೂ ಜನ ದಡಬಡ ಎದ್ದೆವು. ಅವರು ಜೇಬಿನಿಂದ ಉದ್ದನೆಯ ಅರ್ಜಿ ತೆಗೆದರು. ಒಳ್ಳೆಯ ಭಾಷೆ, ಕೆಳಗೆ ಅವರ ಸಹಿ, ಅದರ ಕೆಳಗೆ ಗೆರೆ ಹಾಕಿದ ಖಾಲಿ ಜಾಗ.

"ಪಾಪ, ನೀವೆಲ್ಲ ಮನೆ ಮನೆ ಅಲೀತಿದೀರಂತೆ. ಯಾಕೆ ಇಷ್ಟು ತೊಂದರೆ? ಊರಿಗೊಂದು ಅರ್ಜಿ. ನಾನು ನಿಮ್ಮೆಲ್ಲರ ಪರವಾಗಿ ಮಾತಾಡ್ತೀನಿ. ಹಾಕಿ ಸಹಿ."

ಹಾಕಿದೆವು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಹಾಕಿದೆ. ನಾಲ್ಕು ವಾರ ಕಲಿತದ್ದೆಲ್ಲ ಆ ಒಬ್ಬ ಮನುಷ್ಯ ಪೆನ್ನು ಚಾಚಿದ ಕೂಡಲೇ ಎಲ್ಲಿ ಹೋಯಿತೋ. ಬೇಡ ಅನ್ನುವ ಮಾತು ನಾಲಿಗೆಯ ತುದಿಗೂ ಬರಲಿಲ್ಲ. ದೊಡ್ಡವರು ಹೇಳಿದ ಮೇಲೆ ನಮ್ಮದೇನಿದೆ ಅನ್ನುವುದು ನಮ್ಮ ರಕ್ತದಲ್ಲೇ ಸೇರಿಹೋಗಿದೆ. ಅತ್ತೆ ಬಾಗಿಲಲ್ಲಿ ಬಂದು ನಿಂತಾಗ ಏಳನೆಯವನು ಪೆನ್ನಿನ ಮುಚ್ಚಳ ಹಾಕುತ್ತಿದ್ದ.

ಅವಳು ಅರ್ಜಿಯನ್ನು ತೆಗೆದುಕೊಂಡು ಓದಿದಳು. ಕೂಗಾಡಲಿಲ್ಲ. ಕ್ಯಾನಿನ ಮೇಲೆ ಕೂತು ಹೇಳತೊಡಗಿದಳು.

"ಇಪ್ಪತ್ತೆರಡು ವರ್ಷದ ಹಿಂದೆ ಮೇಲ್ಬಯಲು ಹೋಯ್ತಲ್ಲ, ಆಗ್ಲೂ ಒಂದೇ ಅರ್ಜಿ. ನಿಮ್ಮ ತಂದೆಯವರೇ ಬರೆಸಿದ್ದು, ಯಜಮಾನ್ರೇ. ಮುನ್ನೂರ ಹನ್ನೆರಡು ಸಹಿ. ಅರ್ಜಿ ನನ್ನ ಮೇಜಿಗೆ ಬಂತು. 'ಕಾಗದ ಒಂದೇ ಅಲ್ವಾ, ಆಕ್ಷೇಪಣೆ ಒಂದು ಅಂತ ಹಾಕಮ್ಮ' ಅಂದ್ರು ಮೇಲಿನವರು. ಕೊನೇ ದಿನಕ್ಕೆ ಇನ್ನೂ ಎಂಟು ದಿನ ಇತ್ತು. ಸಂಜೆ ಬಸ್ ಹತ್ತಿ ಬಂದು, ಬೇರೆ ಬೇರೆ ಬರೀರಿ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಕಚೇರಿ ವಿಷಯ ಹೊರಗೆ ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಹೆದರಿದೆ. ಎಂಟು ದಿನಾನೂ ಬಾಯಿ ಮುಚ್ಕೊಂಡಿದ್ದೆ. ಒಂಬತ್ತನೇ ದಿನ ನಾನೇ ಟೈಪ್ ಮಾಡಿದೆ. ಬಂದ ಆಕ್ಷೇಪಣೆ ಒಂದು, ಪರಿಶೀಲಿಸಿ ತಿರಸ್ಕರಿಸಲಾಗಿದೆ. ಅದರಲ್ಲಿ ನಮ್ಮಮ್ಮನ ಹೆಬ್ಬೆಟ್ಟೂ ಇತ್ತು."

ನಮ್ಮಮ್ಮ ಅಂದರೆ ನನ್ನ ಅಜ್ಜಿ. ಮೇಲ್ಬಯಲಿನಲ್ಲಿ ಅವಳದು ಎರಡು ಎಕರೆ ಇತ್ತು. ಈಗ ಅಲ್ಲಿ ಬೇಲಿ, ಅದರಾಚೆ ತಗಡಿನ ಶೆಡ್ಡುಗಳು. ಊರೆಲ್ಲರಂತೆ ನನ್ನ ಅಪ್ಪನೂ ಸಾಯುವವರೆಗೆ ಅರ್ಜಿಯನ್ನು ಕಚೇರಿಯವರು ಕಸದ ಬುಟ್ಟಿಗೆ ಹಾಕಿದರು ಅಂತಲೇ ನಂಬಿದ್ದ. ಅವನ ಅಕ್ಕ ಅದೇ ಮನೆಯಲ್ಲಿ, ಅದೇ ಚಾಪೆಯ ಮೇಲೆ ಕೂತು ಅವನಿಗೆ ಊಟ ಬಡಿಸುತ್ತಾ, ಹೂಂ ಅನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು.

ಯಜಮಾನರಿಗೆ ಬೇರೆ ಉರಿ. "ಅಂದ್ರೆ ಮೇಲ್ಬಯಲು ಹೋಗಿದ್ದು ನಮ್ಮಪ್ಪನಿಂದ ಅಂತೀಯಾ? ಒಬ್ಬ ಟೈಪಿಸ್ಟ್ ಬಂದು ನಮ್ಮ ಮನೆತನಕ್ಕೆ ಬುದ್ಧಿ ಹೇಳ್ತಾಳೆ!"

"ನಿಮ್ಮಪ್ಪನಿಂದ ಅಲ್ಲ. ನನ್ನಿಂದ ಅಂತಿದೀನಿ."

ಅವರು ಕೇಳಿಸಿಕೊಳ್ಳಲಿಲ್ಲ. ಅರ್ಜಿಯನ್ನು ಕಿತ್ತುಕೊಂಡು, ನಮ್ಮ ಏಳು ಸಹಿಗಳ ಸಮೇತ ಹೊರಟುಹೋದರು.

ಎರಡು ದಿನ ನಾನು ಅತ್ತೆಯ ಮುಖ ನೋಡಲಿಲ್ಲ. ಅಂಗಡಿಯಲ್ಲಿ ಕೂತು ಒಂದು ಪರದೆಯನ್ನು ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಸಿಟ್ಟು ಇಳಿಯಲಿಲ್ಲ. ಆದರೆ ನನ್ನ ಬೀದಿಯ ಹದಿನೇಳು ಹಾಳೆಗಳಲ್ಲಿ ಐದು ಇನ್ನೂ ಬಾಕಿ ಇದ್ದವು, ದಿನಗಳು ಉಳಿದಿದ್ದದ್ದು ಹತ್ತೇ. ಮೂರನೆಯ ದಿನ ಮಧ್ಯಾಹ್ನ ಹಾಲಿನ ಸಂಘಕ್ಕೆ ಹೋದೆ. ಉಳಿದ ಆರು ಜನರೂ ಬಂದಿದ್ದರು. ಅತ್ತೆ ಗೋಡೆಯ ಗಡಿಯಾರ ನೋಡುತ್ತಾ ಕೂತಿದ್ದಳು.

"ನಿನ್ನ ಮೇಲೆ ಸಿಟ್ಟಿದೆ. ಅದು ಹೋಗಲ್ಲ" ಎಂದೆ.

"ಹೋಗ್ಬಾರ್ದು. ಐದು ಹಾಳೆ ಎಲ್ಲಿ?"

ಆ ಸಂಜೆ ಅವಳು ಯಜಮಾನರ ಮನೆಗೆ ಹೊರಟಳು. ನಾನೂ ಹಿಂದೆ ಹೋದೆ, ಯಾಕೆ ಹೋದೆನೋ. ಅವರು ಜಗಲಿಯಲ್ಲಿ ಪೇಪರು ಓದುತ್ತಿದ್ದರು, ತಲೆ ಎತ್ತಲಿಲ್ಲ. ಅತ್ತೆ ಕೈಚೀಲದಿಂದ ಹಳದಿಗಟ್ಟಿದ ಒಂದು ಹಾಳೆ ತೆಗೆದು ಅವರ ಪಕ್ಕದಲ್ಲಿಟ್ಟಳು. ಇಪ್ಪತ್ತೆರಡು ವರ್ಷದ ಹಿಂದಿನ ಆದೇಶದ ಕಾರ್ಬನ್ ಪ್ರತಿ. ಅಷ್ಟು ವರ್ಷ ಅದನ್ನು ತನ್ನ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಿದ್ದಳು.

"ಓದಿ. ನಿಮ್ಮ ತಂದೆಯವರ ಅರ್ಜಿ ಕಸದ ಬುಟ್ಟಿಗೆ ಹೋಗಿಲ್ಲ. ಒಂದು ಅಂತ ಎಣಿಸಿದ್ರು, ಅಷ್ಟೇ."

"ಇಟ್ಟು ಹೋಗಿ" ಎಂದರು ಅವರು. ಪೇಪರಿನ ಪುಟ ತಿರುವಿದರು.

ವಿಚಾರಣೆಯ ದಿನದವರೆಗೂ ಅವರಿಂದ ಸುದ್ದಿಯಿಲ್ಲ. ನಮ್ಮ ಹತ್ತಿರ ನೂರ ಹದಿಮೂರು ಹಾಳೆ ಇದ್ದವು. ಅವರ ಹತ್ತಿರ ನಮ್ಮ ಏಳು ಸಹಿಗಳಿದ್ದ ಅರ್ಜಿ. ವಿಚಾರಣೆಯಲ್ಲಿ ಅವರು ಎದ್ದು ಊರ ಪರವಾಗಿ ಅಂತ ಅದನ್ನು ಕೊಟ್ಟುಬಿಟ್ಟರೆ, ಆಮೇಲೆ ಜನ ಒಬ್ಬೊಬ್ಬರೇ ಎದ್ದು "ಯಜಮಾನ್ರು ಹೇಳಿದ್ದೇ ನಮ್ದೂ" ಅಂದು ಕೂತುಬಿಡುತ್ತಾರೆ. ಹಾಳೆಗಳು ಎಷ್ಟಿದ್ದರೂ ಅಧಿಕಾರಿ ಎಲ್ಲರದೂ ಒಂದೇ ಅಂತ ಬರೆಸಲು ಅಷ್ಟು ಸಾಕು. ನನಗೆ ನನ್ನ ಜನ ಗೊತ್ತು, ನಾನೇ ಅವರಲ್ಲಿ ಒಬ್ಬಳು.

ಕಚೇರಿಯ ಸಭಾಂಗಣದಲ್ಲಿ ಉದ್ದ ಮೇಜು, ಹಿಂದೆ ಅಧಿಕಾರಿ, ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಒಬ್ಬ ಹುಡುಗಿ. ಬಾಗಿಲಲ್ಲಿ ಜವಾನ ಅತ್ತೆಯನ್ನು ತಡೆದ. ಜಮೀನು ಇದ್ದವರಿಗೆ ಮಾತ್ರ ಪ್ರವೇಶ. ಮೂವತ್ತೊಂದು ವರ್ಷ ಅದೇ ಬಾಗಿಲಲ್ಲಿ ಹೋಗಿ ಬಂದವಳ ಹೆಸರಲ್ಲಿ ಒಂದು ಗುಂಟೆಯೂ ಇರಲಿಲ್ಲ. ವಾದ ಮಾಡದೆ ಹೊರಗೆ ಹೋಗಿ ಕಿಟಕಿಯ ಬಳಿ ನಿಂತಳು. ಗಾಜು ಮುಚ್ಚಿತ್ತು. ಅವಳಿಗೆ ನಾವು ಕಾಣುತ್ತಿದ್ದೆವು, ಮಾತು ಕೇಳುತ್ತಿರಲಿಲ್ಲ. ಬೆರಳುಗಳು ಕಿಟಕಿಯ ಅಂಚಿನ ಮೇಲಿದ್ದವು.

ಯಜಮಾನರು ಬಂದರು. ನಮ್ಮ ಜನ ನೂರಾರು ಕಾಲು ಸರಿಸಿ ದಾರಿ ಬಿಟ್ಟು, ಮುಂದಿನ ಸಾಲಿನ ನಡುವಿನ ಕುರ್ಚಿ ಖಾಲಿ ಮಾಡಿದರು. ಯಾರೂ ಹೇಳಿರಲಿಲ್ಲ, ತಾನಾಗಿ ಆಯಿತು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಅವರನ್ನೇ ನೋಡಿದರು.

"ಇಷ್ಟೊಂದು ಜನ! ಎಲ್ಲರೂ ಹೇಳೋದು ಒಂದೇ ತಾನೇ? ಹಿರಿಯರು ನೀವು, ನೀವೇ ಎಲ್ಲರ ಪರವಾಗಿ ಹೇಳ್ಬಿಡಿ."

ಯಜಮಾನರು ಎದ್ದರು. ಜೇಬಿಗೆ ಕೈ ಹಾಕಿದರು. ಕಿಟಕಿಯಾಚೆ ಬೆರಳುಗಳು ನಿಂತುಬಿಟ್ಟವು.

ಜೇಬಿನಿಂದ ಬಂದದ್ದು ಒಂದೇ ಹಾಳೆ, ನಾಲ್ಕಾಗಿ ಮಡಚಿದ್ದು. "ಎಲ್ಲರದೂ ಒಂದೇ ಅಲ್ಲ ಸಾರ್, ಕೇಳಿ ನೋಡಿ. ಇದು ನನ್ನ ಇಪ್ಪತ್ತಾರು ಎಕರೆಯ ಮಾತು, ಇದು ಕೊನೆಗೆ. ಮೊದಲು ನಮ್ಮ ಹೊಲಿಗೆಯವಳು ಹೇಳ್ತಾಳೆ." ಆಮೇಲೆ ಹಿಂದೆ ತಿರುಗಿ, ಇಡೀ ಸಭೆಗೆ ಕೇಳುವಂತೆ, "'ಯಜಮಾನ್ರು ಹೇಳಿದ್ದೇ ನಮ್ದೂ' ಅಂತ ಯಾರಾದ್ರೂ ಅಂದ್ರೆ ಜೋಕೆ" ಎಂದರು. ಹೇಳಿ ಕೂತರು.

ನಾನು ಎದ್ದೆ. ಗೋಡೆಯ ಮೇಲೆ ಅಲ್ಲೂ ಒಂದು ಗಡಿಯಾರ, ಅದರ ಮುಳ್ಳು ಓಡುತ್ತಿತ್ತು. ಕಿಟಕಿಯ ಕಡೆ ನೋಡಿದೆ. ಅತ್ತೆ ಕೈ ಎತ್ತಲಿಲ್ಲ, ತಲೆ ಆಡಿಸಲಿಲ್ಲ. ಬೆರಳನ್ನು ಅಂಚಿನ ಮೇಲಿಟ್ಟು ಕಾಯುತ್ತಿದ್ದಳು. ಅಳತೆಯ ಜಗಳದ ಬಾಯಿಯನ್ನೇ ತೆರೆದೆ.

"ನನ್ನದು ಅರ್ಧ ಎಕರೆ. ಸೊಪ್ಪು ಬೆಳೀತೀನಿ, ವರ್ಷಕ್ಕೆ ಒಂಬತ್ತು ಸಲ ಕೊಯ್ತೀನಿ. ಶಾಲೆ ಅಡುಗೆಮನೆಗೆ ಹೋಗೋದು ನನ್ನ ಸೊಪ್ಪೇ, ಜಮೀನು ಹೋದ್ರೆ ಅದು ನಿಲ್ಲುತ್ತೆ." ಇಷ್ಟು ಅತ್ತೆ ತಿದ್ದಿ ತೀಡಿದ್ದು. ನಿಮಿಷ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಅವಳು ಕಲಿಸದೇ ಇದ್ದ ಒಂದು ಮಾತನ್ನು ಅದಕ್ಕೆ ಸೇರಿಸಿದೆ. ಹುಡುಗಿ ತಲೆ ಎತ್ತಿ ನೋಡಿ, ಟೈಪ್ ಮಾಡಿಕೊಂಡಳು.

ಆಮೇಲೆ ಪಂಪು ರಿಪೇರಿಯವನು ಬಾವಿಯ ಆಳ ಹೇಳಿದ. ಮೂರು ಗುಂಟೆಯ ಮುದುಕಿ ಸೊಸೆಯ ವಿಷಯವನ್ನು ನಾಲಿಗೆಯ ತುದಿಯವರೆಗೆ ತಂದು ನುಂಗಿಕೊಂಡಳು. ಕ್ಷೌರದಂಗಡಿಯವನ ಹದಿನಾರು ಜನ ಹದಿನಾರು ಬೇರೆ ಮಾತು ಹೇಳಿದರು. ಮಧ್ಯದಲ್ಲಿ ಅಧಿಕಾರಿ ಎರಡು ಸಲ ಗಡಿಯಾರ ನೋಡಿದರು, ಒಮ್ಮೆ ಟೀ ತರಿಸಿಕೊಂಡರು, ಐವತ್ತನೆಯವರ ಹೊತ್ತಿಗೆ ತಾವೇ ಪ್ರಶ್ನೆ ಕೇಳತೊಡಗಿದರು. ಒಬ್ಬೊಬ್ಬರು ಕೂತಾಗಲೂ ಕಿಟಕಿಯ ಅಂಚಿನ ಮೇಲೆ ಒಂದು ಬೆರಳು ಬೀಳುತ್ತಿತ್ತು. ನೂರ ಹದಿನಾಲ್ಕನೆಯವರಾಗಿ ಯಜಮಾನರು ಎದ್ದು, ಒಂದು ನಿಮಿಷಕ್ಕೆ ಸರಿಯಾಗಿ ಮುಗಿಸಿದರು. ಯಾರ ಹತ್ತಿರ ಅಭ್ಯಾಸ ಮಾಡಿದ್ದರೋ ಕೇಳಲಿಲ್ಲ.

"ನೀನೇನು ಹೇಳಿದೆ?" ಬಸ್ಸಿನಲ್ಲಿ ಅತ್ತೆ ಕೇಳಿದಳು.

"ಕಲಿಸಿದ್ದು. ಉಳಿದದ್ದು ಆದೇಶ ಬಂದಾಗ ಓದ್ತೀನಿ." ಮಿಕ್ಕವರಿಗೂ ಬಾಯಿ ಬಿಡಬೇಡಿ ಅಂತ ಹೇಳಿದ್ದೆ. ಆದೇಶ ಬರುವವರೆಗೆ ಆರು ವಾರ ಕ್ಷೌರದಂಗಡಿಯವನು ಗುಟ್ಟು ಕಾಪಾಡಿದ್ದು ತನ್ನ ಜೀವನದಲ್ಲಿ ಅದೊಂದೇ ಸಲ.

ಆದೇಶ ಬಂತು. ಕೆಳಬಯಲು ಕೃಷಿ ಪಟ್ಟಿಯಲ್ಲೇ ಉಳಿಯಿತು. ಮತ್ತೆ ಐದು ವರ್ಷಕ್ಕೆ ಇನ್ನೊಂದು ಹಾಳೆ ಆ ಗೋಡೆಗೆ ಅಂಟಬಹುದು, ಗೊತ್ತು. ಅದಕ್ಕಾಗಿಯೇ ಕಾಲುವೆಯಾಚೆಯ ಊರಿನ ಒಂಬತ್ತು ಜನ ಈಗ ಮಧ್ಯಾಹ್ನ ಎರಡಕ್ಕೆ ಬಂದು ಬೋರಲು ಕ್ಯಾನುಗಳ ನಡುವೆ ಕೂರುತ್ತಾರೆ, ಅವರಿಗೆ ಪಾಠ ಹೇಳುವವಳು ನಾನು.

ಆವತ್ತು ಆದೇಶವನ್ನು ಅತ್ತೆಗೆ ಓದಿ ಹೇಳಿದ್ದು ನನ್ನ ಅಂಗಡಿಯಲ್ಲೇ. ಅವಳು ಕನ್ನಡಕ ತೆಗೆದಿಟ್ಟು ಮಿಷನ್ನಿನ ಹಲಗೆಯ ಮೇಲೆ ಬೆರಳಿಟ್ಟು ಕೂತಳು.

"ಬಂದ ಆಕ್ಷೇಪಣೆಗಳು ನೂರ ಹದಿನಾಲ್ಕು" ಎಂದು ಓದಿದೆ. ಟಕಟಕ ಶುರುವಾಯಿತು. "ಒಂದನೆಯ ಆಕ್ಷೇಪಣೆ. ಅರ್ಧ ಎಕರೆ, ಸೊಪ್ಪಿನ ಬೆಳೆ. ಜಮೀನು ಹೋದಲ್ಲಿ ಶಾಲೆಯ ಅಡುಗೆಮನೆಗೆ ಪೂರೈಕೆ ನಿಲ್ಲುವುದಾಗಿ ತಿಳಿಸಿರುತ್ತಾರೆ. ಇಪ್ಪತ್ತೆರಡು ವರ್ಷಗಳ ಹಿಂದೆ ಮೇಲ್ಬಯಲಿನ ಎರಡು ಎಕರೆಯ ಬಗ್ಗೆ ತಮ್ಮ ಅಜ್ಜಿ ಹೆಬ್ಬೆಟ್ಟಿನ ಮೂಲಕ ಸಲ್ಲಿಸಿದ ಆಕ್ಷೇಪಣೆ ಪ್ರತ್ಯೇಕವಾಗಿ ಎಣಿಕೆಯಾಗಿರುವುದಿಲ್ಲವೆಂದೂ, ಅದನ್ನು ಈಗಲಾದರೂ ದಾಖಲಿಸಬೇಕೆಂದೂ ಕೋರಿರುತ್ತಾರೆ. ದಾಖಲಿಸಲಾಗಿದೆ."

ಬೆರಳುಗಳು ನಿಂತಿದ್ದವು. ಹುರುಳಿಲ್ಲದ ಮಾತಿಗೆ ನಿಲ್ಲುವ ಬೆರಳುಗಳವು, ಆದರೆ ಈ ಸಲ ಅವಳು ಅಳುತ್ತಿದ್ದಳು. ನಾನೂ ಅತ್ತುಬಿಟ್ಟೆ. ಸಿಟ್ಟು ಇನ್ನೂ ಇತ್ತು, ಅದರ ಜೊತೆಗೇ ಅಳುವೂ ಬಂತು.

"ಇನ್ನೊಂದ್ಸಲ ಓದು."

ಓದಿದೆ.

"ಕೊನೇ ಮಾತು."

"ದಾಖಲಿಸಲಾಗಿದೆ."

ಅವಳು ಕನ್ನಡಕ ಹಾಕಿಕೊಂಡು, ಮೂಗು ಒರೆಸಿಕೊಂಡು, ಬೆರಳುಗಳನ್ನು ಮತ್ತೆ ಹಲಗೆಯ ಮೇಲಿಟ್ಟಳು.

"ಸರಿ. ಎರಡನೇದು ಓದು."